ಮಾಂಡೋವಿ ನದಿಯಲ್ಲಿ ಸಂಜೆಯ ಭೋಜನ ವಿಹಾರ: ಪ್ರವಾಸಿಗರ ಗಮನಕ್ಕೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಮಹದಾಯಿ ಎಂಬ ಹೆಸರಿನಿಂದ ಉಗಮಿಸುವ ನದಿಯು ಗೋವಾ ರಾಜ್ಯದಲ್ಲಿ ಮಾಂಡೋವಿ ಎನಿಸಿಕೊಂಡು ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಪಣಜಿಯ ಸಾಂತಾ ಮೋನಿಕಾ ಜೆಟ್ಟಿಯಿಂದ ಸಂಜೆ ಹೊರಡುವ ವಿಹಾರ ದೋಣಿಗಳಲ್ಲಿ ಸೂರ್ಯಾಸ್ತವನ್ನೂ ಗೋವೆಯ ಜನಪದ ನೃತ್ಯಗಳನ್ನೂ ವೀಕ್ಷಿಸಬಹುದಾಗಿದೆ. ರಾತ್ರಿಯ ಊಟವು ಎಲ್ಲ ವಿಹಾರಗಳಲ್ಲಿ ಸೇರಿರುವುದಿಲ್ಲವಾದ್ದರಿಂದ, ಟಿಕೆಟ್ ಪಡೆಯುವಾಗಲೇ ವಿಚಾರಿಸಿಕೊಳ್ಳತಕ್ಕದ್ದು.

ಒಳನಾಡು ಹಡಗುಗಳ ಅಧಿನಿಯಮ, 2021ರ ಮೇರೆಗೆ ಇಂತಹ ದೋಣಿಗಳಿಗೆ ನೋಂದಣಿ ಹಾಗೂ ತಪಾಸಣಾ ಪ್ರಮಾಣಪತ್ರ ಕಡ್ಡಾಯವಾಗಿರುತ್ತದೆ. ದಿನಾಂಕ 7-5-2023ರ ಸಂಜೆ ಕೇರಳದ ತಾನೂರಿನಲ್ಲಿ ಮಿತಿಮೀರಿ ಜನರನ್ನು ಹತ್ತಿಸಿಕೊಂಡಿದ್ದ ವಿಹಾರ ದೋಣಿಯು ಮಗುಚಿ, ಮಕ್ಕಳೂ ಸೇರಿದಂತೆ 22 ಜನರು ಮೃತಪಟ್ಟಿರುತ್ತಾರೆ. ಆದ್ದರಿಂದ ನಿಗದಿತ ಸಂಖ್ಯೆಗಿಂತ ಹೆಚ್ಚು ಜನರಿದ್ದಲ್ಲಿ ಅಥವಾ ಎಲ್ಲರಿಗೂ ಲೈಫ್ ಜಾಕೆಟ್ ಇಲ್ಲದಿದ್ದಲ್ಲಿ, ಟಿಕೆಟ್ ಪಡೆದಿದ್ದರೂ ದೋಣಿಯನ್ನು ಹತ್ತಬಾರದು.