ಎಲೆಯ ಕೊಬ್ಬಿನ ಪೊರೆಯೂ ಕಳೆನಾಶಕದ ಮಿತಿಯೂ

ಮೆಕ್ಕೆಜೋಳ, ಕಬ್ಬು ಮುಂತಾದ ಪೈರುಗಳಲ್ಲಿ ಕಳೆಯನ್ನು ಅಡಗಿಸಲು ಅಟ್ರಜಿನ್ ಎಂಬ ಔಷಧವನ್ನು ಉಪಯೋಗಿಸುವ ರೂಢಿಯುಂಟು. ಅದು ಕಳೆಯನ್ನು ಕೊಲ್ಲುವ ಬಗೆಯನ್ನು ಅರಿತಲ್ಲದೆ, ಅದನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂಬುದು ತಿಳಿಯಲಾರದು.

ಹಸುರೆಲೆಯೊಳಗೆ ಪತ್ರಹರಿತ್ತನ್ನು ಹೊತ್ತಿರುವ ಅತಿ ತೆಳುವಾದ ಪೊರೆಗಳಿರುವುವು. ಇವುಗಳಲ್ಲಿರುವ ಕೊಬ್ಬು ಬಹುಪಾಲು ಸಕ್ಕರೆಯ ಅಂಶದೊಡನೆ ಕೂಡಿದುದು. ಇದು ಚಳಿಗೆ ಹೆಪ್ಪುಗಟ್ಟಿದ ತುಪ್ಪದಂತೆ ಗಟ್ಟಿಯೂ ಅಲ್ಲ, ಎಣ್ಣೆಯಂತೆ ಕ್ರಮವಿಲ್ಲದೆ ಹರಿಯುವುದೂ ಅಲ್ಲ. ಇದರ ಅಣುಗಳು ಸ್ಫಟಿಕದಲ್ಲಿರುವಂತೆ ಸಾಲುಗೂಡಿ ನಿಂತಿದ್ದರೂ ದ್ರವದಲ್ಲಿರುವಂತೆ ಅತ್ತಿತ್ತ ಸರಿಯಬಲ್ಲುವು. ಈ ಸ್ಥಿತಿಗೆ ದ್ರವಸ್ಫಟಿಕವೆಂದು ಹೆಸರು. ಇಂಥ ಸ್ಥಿತಿಯನ್ನು 1888ರಲ್ಲಿ ಪ್ರಕಟಪಡಿಸಿದವರು ಪ್ರಾಗ್ ನಗರದ ಸಸ್ಯಶಾಸ್ತ್ರಜ್ಞರಾದ ಫ್ರೀಡ್ರಿಖ್ ರೈನಿಟ್ಸರ್. ಗಜ್ಜರಿಯಿಂದ ತೆಗೆದ ಸತ್ತ್ವದಿಂದ ಅವರು ಸಿದ್ಧಪಡಿಸಿದ ಪದಾರ್ಥವು ಸುಮಾರು 145 ಡಿಗ್ರಿ ಶಾಖದಲ್ಲಿ ಕರಗಿ ಮಬ್ಬಾದ ದ್ರವವಾಯಿತು. ಸುಮಾರು 178 ಡಿಗ್ರಿಗೆ ಏರಿದಾಗಲೇ ತಿಳಿಯಾಯಿತು.

ಎಲೆಯ ಪೊರೆಯಲ್ಲಿ ಪ್ಲಾಸ್ಟೊಕ್ವಿನೋನ್ ಎಂಬ ವಸ್ತುವು ವಾಸವಾಗಿದೆ. ಇದನ್ನು 1946ರಲ್ಲಿ ಕೋಫ್ಲರ್ ಎಂಬ ವಿಜ್ಞಾನಿಯು ಲೂಸರ್ನ್ ಮೇವಿನ ಸೊಪ್ಪಿನಿಂದ ಮೊದಲು ಬೇರ್ಪಡಿಸಿದರು. ಸೂರ್ಯನ ಬೆಳಕಿನ ಬಲದಿಂದ ನೀರು ಒಡೆದಾಗ ಬರುವ ಎಲೆಕ್ಟ್ರಾನುಗಳನ್ನು ಇದು ಎರಡೆರಡಾಗಿ ಹೊತ್ತು, ಕೊಬ್ಬಿನ ನಡುವೆ ಸರಿದು, ಮುಂದಿನ ಠಾಣ್ಯದಲ್ಲಿ ಇಳಿಸಿ, ಬರಿದಾಗಿ ಹಿಂದಿರುಗುವುದು. ಹೊರುವಾಗ ಅಪಕರ್ಷಣ, ಇಳಿಸುವಾಗ ಉತ್ಕರ್ಷಣ. ಗಿಡವು ಆಹಾರವನ್ನು ಕಟ್ಟುವುದು ಈ ಹೊರೆಯಾಳಿನ ಎಡೆಬಿಡದ ಓಡಾಟದಿಂದಲೇ. ಪೊರೆಯು ಗಡುಸಾದರೆ ಓಡಾಟವು ಕುಂಠಿತವಾಗುವುದು.

ಹೊರೆಯನ್ನು ಪಡೆಯಲು ಪ್ಲಾಸ್ಟೊಕ್ವಿನೋನ್ ಬಂದು ನಿಲ್ಲತಕ್ಕ ಎಡೆಯೊಂದು ಪೊರೆಯಲ್ಲಿ ಹುದುಗಿರುವ ಪ್ರೋಟೀನಿನಲ್ಲಿದೆ. ಅಟ್ರಜಿನ್ ಆ ಎಡೆಯನ್ನೇ ಆಕ್ರಮಿಸುವುದು. ಆಗ ಎಲೆಕ್ಟ್ರಾನುಗಳು ತಡೆದು ನಿಲ್ಲುವುವು. ಬಿಸಿಲಿನ ಶಕ್ತಿಯಾದರೋ ಬರುತ್ತಲೇ ಇರುವುದು. ದಾರಿ ಕಾಣದ ಆ ಶಕ್ತಿಯಿಂದ ಆಮ್ಲಜನಕವು ಉಗ್ರರೂಪ ತಾಳಿ, ಪೊರೆಯ ಕೊಬ್ಬನ್ನೇ ಕೆಡಿಸುವುದು. ಎಲೆಯು ಹಳದಿಯಾಗಿ ಒಣಗುವುದು. ಮೆಕ್ಕೆಜೋಳಕ್ಕೆ ಈ ವಿಷವನ್ನು ನಿರ್ವಿಷಗೊಳಿಸುವ ಸಾಮರ್ಥ್ಯವಿರುವುದರಿಂದ ಅದು ಉಳಿಯುವುದು.

ಆದರೆ ಕಳೆಯೂ ಉಳಿಯುವ ಕಾಲ ಬರಬಹುದು. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಸಸಿತೋಟವೊಂದರಲ್ಲಿ ಅಟ್ರಜಿನ್ ಮತ್ತು ಅದರ ಜಾತಿಯದೇ ಆದ ಸಿಮಜಿನ್‌ಗಳನ್ನು ವರ್ಷವರ್ಷವೂ ಬಳಸಲಾಗಿ, ಗ್ರೌಂಡ್ಸೆಲ್ ಎಂಬ ಕಳೆಯು ಎರಡಕ್ಕೂ ಜಗ್ಗದಾಯಿತೆಂದು 1970ರಲ್ಲಿ ವರದಿಯಾಯಿತು. ಇದರ ಮರ್ಮವು 1983ರಲ್ಲಿ ದಂಟಿನ ಜಾತಿಯ ಒಂದು ಕಳೆಯಲ್ಲಿ ಹೊರಬಿದ್ದಿತು. ಆ ಪ್ರೋಟೀನಿನ ಮುನ್ನೂರಕ್ಕೂ ಮಿಕ್ಕಿದ ಕೊಂಡಿಗಳಲ್ಲಿ 264ನೆಯ ಒಂದೇ ಕೊಂಡಿಯು ಬದಲಾಗಿತ್ತು. ಅಷ್ಟರಿಂದಲೇ ಔಷಧಕ್ಕೆ ಎಡೆ ತಪ್ಪಿತು, ಹೊರೆಯಾಳಿಗೆ ತಪ್ಪಲಿಲ್ಲ. ಈ ಗುಣವು ತಾಯಿಗಿಡದಿಂದ ಬೀಜಕ್ಕೆ ಇಳಿಯುವುದು. ಔಷಧವು ಇಂಥ ಗಿಡವನ್ನು ಹುಟ್ಟಿಸುವುದಿಲ್ಲ. ಉಳಿದವನ್ನು ಕೊಂದು, ಇದಕ್ಕೆ ಹೊಲವನ್ನು ತೆರವು ಮಾಡಿಕೊಡುವುದು.

ಆದುದರಿಂದ ಹಿಡುವಳಿದಾರರು ಒಂದೇ ಬಗೆಯ ಕಳೆನಾಶಕವನ್ನು ಪ್ರತಿವರ್ಷವೂ ನೆಚ್ಚತಕ್ಕದ್ದಲ್ಲ. ಡಬ್ಬಿಯ ಹೆಸರು ಬೇರೆಯಾದ ಮಾತ್ರಕ್ಕೆ ಔಷಧದ ಬಗೆಯು ಬೇರೆಯಾಗದೆಂಬುದನ್ನು ನೆನಪಿಡಬೇಕು. ಪೈರನ್ನು ಬದಲಾಯಿಸುವುದು, ಎಡೆಕುಂಟೆ ಹೊಡೆಯುವುದು, ಔಷಧ ಹಾಕಿದ ಮೇಲೂ ಉಳಿದ ಕಳೆಯನ್ನು ಹೂ ಬಿಡುವ ಮೊದಲೇ ಕೀಳಿಸುವುದು ಅವಶ್ಯಕ. ಕಳೆಯ ಬೀಜವು ಕಾಲುವೆಯ ನೀರಿನಲ್ಲಿಯೂ ಗೊಬ್ಬರದಲ್ಲಿಯೂ ನೆರೆಹೊಲಕ್ಕೆ ಹೋಗುವುದರಿಂದ ಒಬ್ಬರ ಅಲಕ್ಷ್ಯವು ಊರಿಗೇ ನಷ್ಟ. ಗ್ರಾಮದ ಮುಖಂಡರು ಇದನ್ನು ಎಲ್ಲರಿಗೂ ತಿಳಿಯಹೇಳಿ, ಕಳೆ ಕೀಳುವ ಕೆಲಸವು ಊರೊಟ್ಟಿನಲ್ಲಿ ಸಕಾಲಕ್ಕೆ ನಡೆಯುವಂತೆ ನೋಡಿಕೊಳ್ಳುವುದು ಶ್ರೇಯಸ್ಕರವು.