ತೋಟದ ಕೋವಿಗೆ ಬ್ಯಾಟರಿ ಬೇಡದ ‘ರೆಡ್ ಡಾಟ್’: ದುಡ್ಡು ಹಾಕುವ ಮೊದಲು ಇಷ್ಟು ತಿಳಿದಿರಲಿ

ಪುತ್ತೂರು: ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕೃಷಿಕರ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಇರುವುದು ಹೊಸತಲ್ಲ. ಯೂಟ್ಯೂಬ್‌ನಲ್ಲಿ ವಿದೇಶಿ ಕೋವಿ, ಪಿಸ್ತೂಲುಗಳ ಮೇಲೆ ಕೆಂಪು ಚುಕ್ಕೆ ಹೊಳೆಯುವ ‘ರೆಡ್ ಡಾಟ್ ಸೈಟ್’ ನೋಡಿದವರಿಗೆ ನಮ್ಮದಕ್ಕೂ ಒಂದು ಇದ್ದರೆ ಆದೀತು ಅನ್ನಿಸುವುದು ಸಹಜ. ಅದರಲ್ಲೂ ಬ್ಯಾಟರಿಯೇ ಬೇಡ ಎಂದರೆ ಆಸೆ ಇನ್ನೂ ಜಾಸ್ತಿ. ಆದರೆ ನಮ್ಮ ಅಡಿಕೆ ತೋಟಕ್ಕೆ ಇದು ಹೊಂದುತ್ತದೆಯೇ?

ಏನಿದು?

ಇದು ಲೇಸರ್ ಅಲ್ಲ. ಚುಕ್ಕೆ ಗುರಿಯ ಮೇಲೆ ಬೀಳುವುದಿಲ್ಲ. ಸಣ್ಣ ಗಾಜಿನಲ್ಲಿ ಪ್ರತಿಫಲಿಸಿ, ಗುರಿ ಇಡುವವರ ಕಣ್ಣಿಗೆ ಮಾತ್ರ ಕಾಣುತ್ತದೆ. ಹೆಚ್ಚಿನವು ವಾಚಿನ ಸೆಲ್‌ನಂತಹ ಸಣ್ಣ ಬ್ಯಾಟರಿಯಲ್ಲಿ ನಡೆಯುತ್ತವೆ. ಬ್ಯಾಟರಿ ಇಲ್ಲದ್ದರಲ್ಲಿ ಹಗಲು ಫೈಬರ್ ಎಳೆ ಸುತ್ತಲಿನ ಬೆಳಕನ್ನು ಹೀರಿ ಚುಕ್ಕೆ ಮಾಡುತ್ತದೆ, ರಾತ್ರಿ ಟ್ರಿಟಿಯಂ ಎಂಬ ವಿಕಿರಣ ಅನಿಲದ ಮಂದ ಹೊಳಪು ಸಾಕಾಗುತ್ತದೆ. ಅಮೆರಿಕದ ಟ್ರಿಜಿಕಾನ್ ಕಂಪೆನಿಯ ಆರ್‌ಎಂಆರ್ ಸೈಟ್ ಎರಡೂ ಬಗೆಯಲ್ಲಿ ಬರುತ್ತದೆ. ಸೋಲಾರ್ ಫಲಕ ಇರುವ ಸೈಟ್‌ಗಳನ್ನು ಇದರ ಜೊತೆ ಸೇರಿಸಬೇಡಿ, ಅವುಗಳ ಒಳಗೆ ಸಾಮಾನ್ಯವಾಗಿ ಸೆಲ್ ಇದ್ದೇ ಇರುತ್ತದೆ.

ಲಾಭ ಏನು?

ಸ್ವಿಚ್ ಒತ್ತುವ, ಸೆಲ್ ಬದಲಿಸುವ ತಲೆಬಿಸಿ ಇಲ್ಲ. ನಮ್ಮ ಮಳೆಗಾಲದ ತೇವಕ್ಕೆ ಸೆಲ್ ಕೂರುವ ಜಾಗ ಕಿಲುಬು ಹಿಡಿಯುವ ಭಯವೂ ಇಲ್ಲ. ಚುನಾವಣೆ ಬಂದರೆ ಕೋವಿ ಠೇವಣಿ ಇಡಬೇಕಾಗಿ ಬರಬಹುದು. 2024ರ ಲೋಕಸಭಾ ಚುನಾವಣೆಯಲ್ಲಿ ನೀತಿ ಸಂಹಿತೆ ಜಾರಿಯಾದದ್ದು ಮಾರ್ಚ್ 16ಕ್ಕೆ, ಮತ ಎಣಿಕೆ ನಡೆದದ್ದು ಜೂನ್ 4ಕ್ಕೆ. ಅಷ್ಟು ದಿನ ಮೂಲೆಯಲ್ಲಿ ಕೂತರೂ ಬ್ಯಾಟರಿ ಇಲ್ಲದ ಸೈಟ್‌ಗೆ ಏನೂ ಆಗದು.

ನಷ್ಟ ಎಲ್ಲಿ?

ಫೈಬರ್ ಬೆಳಕು ಹೀರುವುದು ಕೋವಿ ಹಿಡಿದವರು ನಿಂತ ಜಾಗದಿಂದ, ಗುರಿ ಇರುವ ಜಾಗದಿಂದ ಅಲ್ಲ. ಅಡಿಕೆ ಮರಗಳ ನೆರಳಲ್ಲಿ ನಿಂತು ಬಿಸಿಲು ಬಿದ್ದ ಗದ್ದೆಯ ಕಡೆ ನೋಡಿದರೆ ಚುಕ್ಕೆ ಮಾಸಿ ಹೋಗುತ್ತದೆ. ಬಿಸಿಲಲ್ಲಿ ನಿಂತು ತೋಟದ ಒಳಗಿನ ಕತ್ತಲೆ ನೋಡಿದರೆ ಚುಕ್ಕೆ ಕಣ್ಣಿಗೆ ರಾಚುತ್ತದೆ.

ರಾತ್ರಿ ಕತೆ ಇನ್ನೂ ಕಷ್ಟ. ಕಾಡುಹಂದಿ ಬರುವುದು ಕತ್ತಲಾದ ಮೇಲೆ, ಆಗ ಟಾರ್ಚ್ ಬೇಕೇ ಬೇಕು. ಟಾರ್ಚ್ ಬೆಳಕು ಎದುರಿಗೆ ಬಿದ್ದ ಕೂಡಲೇ ಟ್ರಿಟಿಯಂನ ಮಂದ ಚುಕ್ಕೆ ಕಾಣದಾಗುತ್ತದೆ. ಅಂದರೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಬ್ಯಾಟರಿಯದ್ದಾದರೆ ಬಟನ್ ಒತ್ತಿ ಬೆಳಕು ಏರಿಸಬಹುದು, ಇದರಲ್ಲಿ ಆ ದಾರಿ ಇಲ್ಲ.

ಟ್ರಿಟಿಯಂ ಶಾಶ್ವತವೂ ಅಲ್ಲ. ಸುಮಾರು 12.3 ವರ್ಷಕ್ಕೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ವಿಕಿರಣ ವಸ್ತುವಾದ್ದರಿಂದ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳೂ ಅನ್ವಯಿಸುತ್ತವೆ. ಆನ್‌ಲೈನ್‌ನಲ್ಲಿ ಸಿಕ್ಕಿತು ಎಂದು ತರಿಸುವ ವಸ್ತು ಇದಲ್ಲ.

ಕೂರಿಸುವುದು ಎಲ್ಲಿ?

ಬೆಳೆ ರಕ್ಷಣೆಯ ಹಳೆಯ ಕೇಪಿನ ಕೋವಿಯಲ್ಲಿ ಸೈಟ್ ಕೂರಿಸುವ ಪಟ್ಟಿಯೇ ಇಲ್ಲ. ಆತ್ಮರಕ್ಷಣೆಗೆ ಲೈಸೆನ್ಸ್ ಇರುವ ವ್ಯಾಪಾರಿಗಳ ಹಳೆಯ .32 ಪಿಸ್ತೂಲಿನಲ್ಲೂ ಅದಕ್ಕೆ ಜಾಗ ಇರುವುದಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ತೂತು ಕೊರೆಸುವ ಯೋಚನೆ ಬೇಡವೇ ಬೇಡ. ಲೈಸೆನ್ಸ್ ಇಲ್ಲದವರು ಕೋವಿ ರಿಪೇರಿ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅಪರಾಧ. ನಳಿಗೆಗೆ ಪೆಟ್ಟಾದರೆ ಹಿಡಿದವರ ಜೀವಕ್ಕೇ ಅಪಾಯ. ಸೈಟ್ ಹಾಕಿಸಬಹುದೇ ಎಂಬುದನ್ನು ಲೈಸೆನ್ಸ್ ಕೊಟ್ಟ ಕಚೇರಿಯಲ್ಲೇ ಕೇಳಿ, ಲಿಖಿತ ಉತ್ತರ ಪಡೆಯುವುದು ಒಳ್ಳೆಯದು.

ಹಾಗಾದರೆ?

ಹೆದರಿಸಿ ಓಡಿಸಲು ಗಾಳಿಗೆ ಗುಂಡು ಹಾರಿಸುವವರಿಗೆ ಯಾವ ಚುಕ್ಕೆಯೂ ಬೇಡ. ಕೋವಿ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಕಾಡುಪ್ರಾಣಿ ಕೊಲ್ಲಲು ಅನುಮತಿ ಸಿಕ್ಕಿದಂತೆಯೂ ಅಲ್ಲ, ವನ್ಯಜೀವಿ ಕಾಯ್ದೆ ಬೇರೆಯೇ ಉಂಟು. ಸ್ಪರ್ಧೆಗೆ ಪಿಸ್ತೂಲು ಅಭ್ಯಾಸ ಮಾಡುವ ಮಕ್ಕಳಿಗೂ ಇದು ಪ್ರಯೋಜನಕ್ಕಿಲ್ಲ, ಅಂತಾರಾಷ್ಟ್ರೀಯ ಶೂಟಿಂಗ್ ನಿಯಮದಲ್ಲಿ ಪಿಸ್ತೂಲಿಗೆ ತೆರೆದ ಸೈಟ್ ಮಾತ್ರ.

ನಳಿಗೆಯ ತುದಿಯಲ್ಲಿರುವ ಸಣ್ಣ ಮಣಿಗೂ ಬ್ಯಾಟರಿ ಬೇಡ, ಅದು ಕೋವಿಯೊಂದಿಗೇ ಬಂದಿದೆ. ಖರ್ಚು ಮಾಡುವುದೇ ಆದರೆ ಒಳ್ಳೆಯ ಟಾರ್ಚ್‌ಗೆ ಮಾಡಿ. ಎದುರಿಗೆ ಇರುವುದು ಹಂದಿಯೋ, ನೆರೆಮನೆಯವರೋ, ದನವೋ ಎಂದು ತೋರಿಸುವುದು ಟಾರ್ಚ್, ಚುಕ್ಕೆ ಅಲ್ಲ.