ಕೈಕೊಡುವುದು ಮತ್ತು ಕೈಹಿಡಿಯುವುದು

ಇಂಗ್ಲಿಷಿನಲ್ಲಿ ‘ಗಿವ್ ಎ ಹ್ಯಾಂಡ್’ ಎಂಬ ನುಡಿಗಟ್ಟು ಬಹಳ ಬಳಕೆಯಲ್ಲಿದೆ. ನೆರವಾಗು ಎಂಬುದು ಅದರ ಅರ್ಥ. ಬ್ಯಾಡಗಿಯ ವಿದ್ಯಾರ್ಥಿಯೊಬ್ಬನು ಅದನ್ನು ಶಬ್ದಶಃ ಕನ್ನಡಕ್ಕೆ ತಂದು, ‘ಕಷ್ಟಕಾಲದಲ್ಲಿ ಗೆಳೆಯನು ನನಗೆ ಕೈಕೊಟ್ಟನು’ ಎಂದು ಬರೆದನೆನ್ನೋಣ. ಓದಿದವರು ಆ ಗೆಳೆಯನನ್ನು ಹೊಗಳುವುದಿಲ್ಲ, ಹಳಿಯುತ್ತಾರೆ. ಕನ್ನಡದಲ್ಲಿ ಕೈಕೊಡುವುದೆಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಡುವುದು. ಉಪಕಾರಿಯಾದ ಗೆಳೆಯನು ಭಾಷಾಂತರದಲ್ಲಿ ದ್ರೋಹಿಯಾಗಿಬಿಟ್ಟನು!

ಈ ಮಾತಿನ ಬೆಲೆಯನ್ನು ಬ್ಯಾಡಗಿ ಸೀಮೆಯ ರೈತನು ಚೆನ್ನಾಗಿ ಬಲ್ಲನು. ಇಲ್ಲಿನ ಮೆಣಸಿನಕಾಯಿ ಹೆಚ್ಚು ಬಣ್ಣಕ್ಕೂ ಕಡಿಮೆ ಖಾರಕ್ಕೂ ಹೆಸರಾದುದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಮಳೆಯನ್ನೇ ನಂಬಿದ ಹೊಲದಲ್ಲಿ ಯಾವ ಮಾನ್ಯತೆಯೂ ಬೆಳೆಯನ್ನು ಉಳಿಸಲಾರದು. ಮಳೆ ಬಾರದ ವರ್ಷ ‘ಮಳೆ ಕೈಕೊಟ್ಟಿತು’ ಎಂದು ರೈತನು ನಿಟ್ಟುಸಿರುಬಿಡುತ್ತಾನೆ. ಹದವಾದ ಮಳೆಯಾಗಿ, ಧಾರಣೆಯೂ ಏರಿ, ಸಾಲ ತೀರಿದ ವರ್ಷ ‘ಮೆಣಸಿನಕಾಯಿ ಕೈಹಿಡಿಯಿತು’ ಎನ್ನುತ್ತಾನೆ. ಕೈ ಒಂದೇ, ಕೊಟ್ಟರೆ ಕೇಡು, ಹಿಡಿದರೆ ಬದುಕು. ಮದುವೆಯಲ್ಲಿ ವರನು ವಧುವಿನ ಕೈಹಿಡಿಯುತ್ತಾನೆ, ಎಡವಿದ ಮಗುವಿನ ಕೈಯನ್ನು ತಾಯಿ ಹಿಡಿಯುತ್ತಾಳೆ. ಹಿಡಿದವರು ಬಿಡುವುದಿಲ್ಲ ಎಂಬ ಭರವಸೆ ಈ ಮಾತಿನೊಳಗೆ ಅಡಗಿದೆ.

ಕೈಯಿಂದ ಹೆಗಲಿಗೆ ಬಂದರೆ ಮತ್ತೊಂದು ವ್ಯತ್ಯಾಸ ಕಾಣುತ್ತದೆ. ದುಃಖದಲ್ಲಿರುವವನು ತಲೆಯಾನಿಸಿ ಅಳುವುದಕ್ಕೆ ಒಂದು ಭುಜ ಬೇಕೆಂದು ಇಂಗ್ಲಿಷರು ಹೇಳುತ್ತಾರೆ. ಕನ್ನಡದ ಹೆಗಲು ಭಾರ ಹೊರುವ ಹೆಗಲು. ನೊಗಕ್ಕೆ ಎತ್ತು ಹೆಗಲು ಕೊಡುತ್ತದೆ. ಮಾರುಕಟ್ಟೆಯಲ್ಲಿ ತುಂಬಿದ ಚೀಲವನ್ನು ಹಮಾಲನು ಹೆಗಲ ಮೇಲೆ ಹೊರುತ್ತಾನೆ. ಅದನ್ನು ಮೇಲೆತ್ತುವಾಗ ಮಾತ್ರ ಪಕ್ಕದವನನ್ನು ‘ತುಸು ಕೈಹಚ್ಚು’ ಎಂದು ಕರೆಯುತ್ತಾನೆ. ಊರಿನಲ್ಲಿ ಸಾವಾದರೆ ಚಟ್ಟಕ್ಕೂ ಹೆಗಲು ಕೊಡಬೇಕು. ಜಗಳವಾಡಿ ಮಾತು ಬಿಟ್ಟವರೂ ಆ ದಿನ ಬಂದು ಹೆಗಲು ಕೊಡುವುದುಂಟು.

ಇನ್ನು ‘ಮುಯ್ಯಿ’. ಕಳೆ ತೆಗೆಯುವಾಗಲೋ ಸುಗ್ಗಿಯಲ್ಲೋ ಒಂದು ಮನೆಯವರು ಮತ್ತೊಬ್ಬರ ಹೊಲದಲ್ಲಿ ದುಡಿದರೆ ಕೂಲಿ ಕೇಳುತ್ತಿರಲಿಲ್ಲ. ಅವರು ಬಂದು ಇವರ ಹೊಲದಲ್ಲಿ ಅಷ್ಟೇ ದುಡಿಯುತ್ತಿದ್ದರು. ಮುಯ್ಯಾಳು ಎಂಬ ಹೆಸರು ಹೀಗೆ ಬಂದುದು. ಮದುವೆಯಲ್ಲಿ ಕೊಡುವ ಉಡುಗೊರೆಗೂ ಮುಯ್ಯಿಯೆಂದೇ ಹೆಸರು. ವಿಚಿತ್ರವೆಂದರೆ, ಹಗೆ ಸಾಧಿಸಿದವನೂ ‘ಮುಯ್ಯಿ ತೀರಿಸಿಕೊಂಡೆ’ ಎನ್ನುತ್ತಾನೆ! ಉಪಕಾರವೂ ಅಪಕಾರವೂ ಹಿಂದಿರುಗಿಸಬೇಕಾದ ಋಣವೆಂದು ಹಿಂದಿನವರು ಬಗೆದಂತೆ ತೋರುತ್ತದೆ. ಇಂಗ್ಲಿಷಿನ ‘ಲೆಂಡ್ ಎ ಹ್ಯಾಂಡ್’ ಎಂಬುದರಲ್ಲಿಯೂ ಕೈಯನ್ನು ಕಡ ಕೊಡುವ ಭಾವವಿದೆ. ಎರಡು ಭಾಷೆಗಳೂ ಇಲ್ಲಿ ನೆರೆಹೊರೆಯವರಾಗಿವೆ.

ನುಡಿಗಟ್ಟು ತನ್ನ ವಾಚ್ಯಾರ್ಥಕ್ಕೇ ಮರಳುವ ಪ್ರಸಂಗಗಳೂ ಉಂಟು. ಒಬ್ಬರ ಕಾರ್ಯಕ್ಕೆ ಬೆಂಬಲವಾಗುವುದನ್ನು ‘ಜೊತೆಗೆ ಹೆಜ್ಜೆಹಾಕುವುದು’ ಎನ್ನುತ್ತೇವೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರಲ್ಲಿ ಗಾಂಧೀಜಿಯವರ ದಂಡಿಯಾತ್ರೆಯಲ್ಲಿ ಸಾಬರಮತಿಯಿಂದ ಸುಮಾರು 385 ಕಿಲೋಮೀಟರು ನಡೆದರು. ಅವರ ಮಟ್ಟಿಗೆ ಅದು ಬರಿಯ ಮಾತಾಗಿರಲಿಲ್ಲ. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು ಗುಂಡಿಗೆ ಬಲಿಯಾದರು.

ಮೊದಲಿನ ವಿದ್ಯಾರ್ಥಿಯ ತಪ್ಪು ತಿರುಗುಮುರುಗಾಗಿಯೂ ಸಂಭವಿಸಬಹುದು. ‘ಈ ವರ್ಷ ಮಳೆ ಕೈಕೊಟ್ಟಿತು’ ಎಂಬ ರೈತನ ಮಾತನ್ನು ಯಾರಾದರೂ ಅಕ್ಷರಕ್ಕೆ ಅಕ್ಷರ ಇಂಗ್ಲಿಷಿಗೆ ತಿರುಗಿಸಿದರೆ, ಕೇಳಿದ ಇಂಗ್ಲಿಷಿನವನು ಮಳೆ ಬಹಳ ಸಹಾಯ ಮಾಡಿತೆಂದು ತಿಳಿದು, ಒಣಗಿದ ಹೊಲದ ಬದುವಿನ ಮೇಲೆ ನಿಂತ ಆ ರೈತನನ್ನು ಅಭಿನಂದಿಸಿಯಾನು.